ನೊರೆ ಇಳಿಯುವವರೆಗೆ

ತೊಳೆದಿದ್ದ ಪಾತ್ರೆಯನ್ನೇ ಪಂಕಜಾ ಇನ್ನೊಂದು ಸಲ ತೊಳೆದಳು. ಜನವರಿಯ ನಲ್ಲಿ ನೀರು ಬೆರಳುಗಳನ್ನು ಕಚ್ಚುತ್ತಿತ್ತು. ಪಾತ್ರೆ ಕೊಳೆಯಾಗಿರಲಿಲ್ಲ, ಹೊತ್ತು ಕಳೆಯಬೇಕಾಗಿತ್ತು, ಅಷ್ಟೆ. ಮೂರು ದಿನದಿಂದ ಹಾಲಿಗೆ ಅಪ್ಪನೇ ಹೋಗುತ್ತಿದ್ದರು. ನೀವು ಹೋಗಿ ಎಂದು ಅವಳು ಹೇಳಿರಲಿಲ್ಲ. ನಾನು ಹೋಗುತ್ತೇನೆ ಎಂದು ಅವರೂ ಹೇಳಿರಲಿಲ್ಲ. ಗುರುವಾರ ಬೆಳಿಗ್ಗೆ ವಾರಪತ್ರಿಕೆ ಬಂದಾಗ ಅಪ್ಪ ಸೇತುರಾಮ ಬಾಗಿಲಲ್ಲೇ ನಿಂತು ಇಪ್ಪತ್ತೇಳನೆಯ ಪುಟ ತೆಗೆದು ಓದಿದ್ದರು. ‘ನಮ್ಮ ರಸ್ತೆಯ ಮಹಾತಾಯಿ’, ಕೆಳಗೆ ಕು. ಎಸ್. ಪಂಕಜಾ, ಬಿ.ಎ. ಅಚ್ಚಿನಲ್ಲಿ ಮಗಳ ಹೆಸರು ಬಂದದ್ದು ಅದೇ ಮೊದಲು. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ನಕ್ಷೆ ಎಳೆದವರು. ಗೆರೆ ಎಲ್ಲಿ ಒಂದು ಕೂದಲೆಳೆಯಷ್ಟು ಓರೆಯಾಗಿದೆ ಎಂಬುದನ್ನು ದೂರದಿಂದಲೇ ಹೇಳಬಲ್ಲವರು. ಎರಡು ಸಲ ಓದುವಷ್ಟು ಹೊತ್ತು ತೆಗೆದುಕೊಂಡರು. ಆಮೇಲೆ ಪತ್ರಿಕೆಯನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ‘ಭಾಷೆ ಚೆನ್ನಾಗಿದೆ’ ಎಂದರು. ಚಪ್ಪಲಿ ಮೆಟ್ಟಿ, ಹಾಲಿನ ಪಾತ್ರೆ ತೆಗೆದುಕೊಂಡು ಹೊರಟೇಬಿಟ್ಟರು. ಆ ಎರಡು ಮಾತುಗಳನ್ನು ಪಂಕಜಾ ಮೂರು ದಿನದಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಪ್ರಬಂಧ ಚೆನ್ನಾಗಿದೆ ಎನ್ನಲಿಲ್ಲ. ಚೆನ್ನಾಗಿ ಬರೆದಿದ್ದೀಯ ಎನ್ನಲಿಲ್ಲ. ಕತ್ತಿಯನ್ನು ನೋಡಿ ಹಿಡಿಯ ಕೆತ್ತನೆ ಚೆನ್ನಾಗಿದೆ ಎಂದ ಹಾಗೆ.

ಇವತ್ತು ಭಾನುವಾರ. ಕೆಂಗೇರಿಯಲ್ಲಿ ಯಾರದೋ ಗೃಹಪ್ರವೇಶವೆಂದು ಅಪ್ಪ ಮೊದಲ ಬಸ್ಸಿಗೇ ಹೋಗಿಬಿಟ್ಟಿದ್ದರು. ಹಾಲಿಗೆ ಅವಳೇ ಹೋಗಬೇಕು. ಹೋಗದಿದ್ದರೆ ಆಗುವುದೇನೂ ಇಲ್ಲ, ಒಂದು ಹೊತ್ತು ಕಾಫಿ ಇಲ್ಲ. ಆದರೆ ಹೋಗದಿರುವುದೇ ಒಂದು ಉತ್ತರವಾಗಿಬಿಡುತ್ತದೆ ಎನ್ನಿಸಿ, ಸೆರಗನ್ನು ತೋಳಿನ ಸುತ್ತ ಬಿಗಿಯಾಗಿ ಸುತ್ತಿಕೊಂಡು ಗೇಟು ತೆರೆದಳು. ರಸ್ತೆಯ ಆ ತುದಿಯಲ್ಲಿ, ಹೊಸಹಳ್ಳಿಯ ಹಳೆಯ ಮನೆಗಳು ಶುರುವಾಗುವ ಕಡೆ, ತಗಡಿನ ಮಾಡಿನ ಕೆಳಗೆ ಅಕ್ಕಯ್ಯಮ್ಮನ ನಾಲ್ಕು ಎಮ್ಮೆಗಳ ಉಸಿರು ಹಬೆಯಾಡುತ್ತಿತ್ತು. ಈ ರಸ್ತೆ, ಈ ಸೈಟುಗಳು, ಅವಳ ಮನೆಯ ಅಡುಗೆಮನೆ ಇರುವ ಜಾಗ ಎಲ್ಲವೂ ಹದಿನೈದು ವರ್ಷದ ಹಿಂದೆ ಅಕ್ಕಯ್ಯಮ್ಮನ ರಾಗಿ ಹೊಲ. ಬಡಾವಣೆಯವರು ಹೊಲ ತೆಗೆದುಕೊಂಡು ಮೂಲೆಯ ಸೈಟು ಕೊಟ್ಟರು. ಆಕೆ ಮನೆ ಕಟ್ಟಿಸಿದಳು, ಎಮ್ಮೆ ಬಿಡಲಿಲ್ಲ. ಡೈರಿಯ ಬಾಟಲಿ ಹಾಲು ಬಂದ ಮೇಲೂ ರಸ್ತೆಯ ಹತ್ತು ಮನೆಗಳವರು ಇಲ್ಲಿಗೇ ಬರುತ್ತಿದ್ದರು, ಕಣ್ಣೆದುರಿಗೆ ಕರೆದು ಕೊಡುವ ಹಾಲು ಎಂದು. ಕರೆಯುವ ಮುಂಚೆ ತಂಬಿಗೆಯನ್ನು ಬೋರಲು ಮಾಡಿ ನಿಂತವರಿಗೆಲ್ಲ ತೋರಿಸುವುದು ಆಕೆಯ ಪದ್ಧತಿ. ತಳದಲ್ಲಿ ನೀರಿಲ್ಲ, ನೋಡಿಕೊಳ್ಳಿ ಎಂದು. ಯಾರೂ ಕೇಳುತ್ತಿರಲಿಲ್ಲ, ಯಾರೂ ಸರಿಯಾಗಿ ನೋಡುತ್ತಲೂ ಇರಲಿಲ್ಲ. ಆದರೂ ತೋರಿಸದೆ ಆಕೆ ಎಮ್ಮೆಯ ಕೆಳಗೆ ಕೂರುತ್ತಿರಲಿಲ್ಲ.

ಪಂಕಜಾ ಎಲ್ಲರಿಗಿಂತ ಹಿಂದೆ ನಿಂತಳು. ಮುಂದೆ ನಿಂತಿದ್ದ ಸತ್ಯವತಿ, ಬ್ಯಾಂಕಿನವರ ಹೆಂಡತಿ, ತಿರುಗಿ ನೋಡಿ ‘ತುಂ-ಬಾ ಚೆನ್ನಾಗಿ ಬರ್ದಿದೀಯ ಕಣೇ’ ಎಂದು ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಆ ‘ತುಂಬಾ’ ಎಲ್ಲಿ ಮುರಿದು ಎಲ್ಲಿ ಕೂಡಿತೆಂಬುದರಲ್ಲೇ ಎಲ್ಲ ಇತ್ತು. ರಸ್ತೆಯವರು ಓದಿದ್ದಾರೆ. ಓದಿ ಅರ್ಥ ಮಾಡಿಕೊಂಡಿದ್ದಾರೆ. ಪಂಕಜಾ ತಲೆ ತಗ್ಗಿಸಿದಳು. ತಡೆಯುವ ಮೊದಲೇ ಒಳಗೆ ಒಂದು ಸಣ್ಣ ಸಂತೋಷವೂ ಇಣುಕಿತು. ಆ ಸಂತೋಷಕ್ಕೆ ಅವಳು ನಾಚಿಕೊಂಡಳು. ಅಷ್ಟರಲ್ಲಿ ಎಮ್ಮೆಯ ಮಗ್ಗುಲಿನಿಂದ ಅಕ್ಕಯ್ಯಮ್ಮನ ತಲೆ ಮೇಲೆದ್ದಿತು.

‘ಬಾರವ್ವ ಬಾ. ಅಪ್ಪನ್ನ ಕಳ್ಸಿ ನೀನ್ ಬಚ್ಚಿಟ್ಕೊಂಡಿದ್ಯಾ ಮೂರ್ ದಿನ್ದಿಂದ?’

ಬಂತು ಎಂದುಕೊಂಡಳು. ಕೈಯಲ್ಲಿದ್ದ ಪಾತ್ರೆಯ ಕಂಠವನ್ನು ಹಿಡಿದುಕೊಂಡಳು. ಅಕ್ಕಯ್ಯಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಸಾಲನ್ನು ಸೀಳಿಕೊಂಡು ಹತ್ತಿರ ಬಂದಳು. ಸಗಣಿ, ಹುಲ್ಲು, ಹಸಿ ಹಾಲಿನ ವಾಸನೆಯ ಆ ದೊಡ್ಡ ಕೈ ಅವಳ ಗದ್ದವನ್ನು ಹಿಡಿದು ಮೇಲಕ್ಕೆತ್ತಿತು.

‘ಮಹಾತಾಯಿ ಅಂತ ಬರ್ದಿದೀಯಲ್ಲವ್ವ. ನಮ್ಮವ್ವಂಗೂ ಯಾರೂ ಹಂಗ್ ಅಂದಿರ್ಲಿಲ್ಲ ಕಣೇ.’

ಆ ಕಣ್ಣುಗಳಲ್ಲಿ ನೀರಿತ್ತು. ಪಂಕಜಾ ಅದನ್ನು ನೋಡಿದಳು, ನೋಡಬಾರದ್ದನ್ನು ನೋಡಿದವಳಂತೆ ಎಮ್ಮೆಯ ಕೊರಳಿನ ಹಗ್ಗದ ಕಡೆಗೆ ದೃಷ್ಟಿ ಹೊರಳಿಸಿದಳು. ಅಕ್ಕಯ್ಯಮ್ಮ ಹೇಳುತ್ತಲೇ ಇದ್ದಳು. ಆಕೆಗೆ ಓದು ಬರಹ ಬಾರದು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಮಗ ಮುನಿರಾಜು ಪತ್ರಿಕೆಯನ್ನು ಯಾರ ಕೈಯಲ್ಲೋ ಕಂಡು, ಕೇಳಿ ಪಡೆದು ತಂದು, ಮೂರು ಸಲ ಓದಿ ಹೇಳಿದನಂತೆ. ಆ ಹಾಳೆಗೆ ಮಾಗಡಿ ರಸ್ತೆಯ ಅಂಗಡಿಯಲ್ಲಿ ಗಾಜಿನ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದಾನಂತೆ. ಇವತ್ತು ಸಾಯಂಕಾಲ ಸುಂಕದಕಟ್ಟೆಯಿಂದ ಅಣ್ಣ ದೊಡ್ಡಹನುಮಯ್ಯ ಬರುತ್ತಾನೆ. ಮುನಿರಾಜುವಿಗೆ ಅಕ್ಷರ ಕಲಿಸಿದ ಆರ್‌ಪಿಸಿ ಲೇಔಟಿನ ಸೋಮಲಿಂಗಪ್ಪ ಮೇಷ್ಟ್ರಿಗೂ ಹೇಳಿ ಕಳಿಸಿಯಾಗಿದೆ. ನಾಲ್ಕೂವರೆಗೆ ಪಂಕಜಾ ಬರಬೇಕು.

‘ನಿನ್ ಬಾಯಲ್ಲೇ ಕೇಳ್ಬೇಕು ಕಣವ್ವ. ಮುನಿರಾಜು ಓದಿದ್ರೆ ಕಡ್ಲೆಕಾಯಿ ಬಿಡ್ಸಿ ಬಿಡ್ಸಿ ಹಾಕ್ದಂಗಿರ್ತದೆ. ಬರ್ದೋಳು ನೀನು. ನಿನ್ ಮನ್ಸಲ್ಲಿ ಹೆಂಗಿತ್ತೋ ಹಂಗೆ ಓದು.’

ಸತ್ಯವತಿ ಕೆಮ್ಮಿದಳು. ಪಂಕಜಾ ತಲೆಯಾಡಿಸಿದಳು. ಅದು ಆಗಲಿ ಎಂದೋ ಆಗದು ಎಂದೋ ಅವಳಿಗೇ ತಿಳಿಯಲಿಲ್ಲ. ಅಕ್ಕಯ್ಯಮ್ಮ ಆಗಲಿ ಎಂದು ತೆಗೆದುಕೊಂಡಳು.

ಮನೆಗೆ ಬಂದು ಹಾಲನ್ನು ಒಲೆಯ ಮೇಲಿಟ್ಟು ಅದನ್ನೇ ನೋಡುತ್ತ ನಿಂತಳು. ನಿನ್ನ ಮನಸ್ಸಿನಲ್ಲಿ ಹೇಗಿತ್ತೋ ಹಾಗೆ. ಮನಸ್ಸಿನಲ್ಲಿ ಹೇಗಿತ್ತು ಎಂಬುದು ದಿನಚರಿಯಲ್ಲಿತ್ತು, ಟ್ರಂಕಿನ ತಳದಲ್ಲಿ, ಅಮ್ಮನ ಹಳೆಯ ರೇಷ್ಮೆ ಸೀರೆಯ ಕೆಳಗೆ. ನವೆಂಬರಿನ ಹದಿನಾಲ್ಕು. ಮೈಸೂರಿನಿಂದ ಬಂದು ನೋಡಿ ಹೋದವರು ಕಾರ್ಡು ಬರೆದಿದ್ದರು, ಜಾತಕ ಕೂಡಿಬರಲಿಲ್ಲವೆಂದು. ಜಾತಕ ಕೂಡಿದ ಮೇಲೆಯೇ ಅವರು ಬಂದದ್ದು. ಅವಳು ಹಾಡು ಬರುವುದಿಲ್ಲ ಎಂದಾಗ ಹುಡುಗನ ಅಕ್ಕ ಅವಳ ಮೊಣಕೈಯ ಮೂಳೆಯನ್ನೇ ನೋಡುತ್ತಿದ್ದಳು. ಕಾರ್ಡು ಬಂದ ಮಾರನೆಯ ಬೆಳಿಗ್ಗೆ ಹಾಲಿನ ಸಾಲಿನಲ್ಲಿ ನಿಂತಿದ್ದಾಗ ಎಮ್ಮೆಯ ಕೆಳಗಿನಿಂದಲೇ ಆ ದನಿ, ಎಮ್ಮೆಗಳಿಗೂ ಮನುಷ್ಯರಿಗೂ ಒಂದೇ ಆದ ದನಿ ಎದ್ದಿತ್ತು. ‘ಯಾಕವ್ವ, ಒಪ್ಲಿಲ್ವಂತೆ? ಕಣ್ಣಿಲ್ವಾ ಅವ್ರಿಗೆ? ಒಸಿ ಬಡಕ್ಲಾಗಿದೀಯ, ಅಷ್ಟೆ. ಅರ್ಧ ಪಾವು ಜಾಸ್ತಿ ತಗೊಂಡು ನೀನೇ ಕುಡಿ, ಅಪ್ಪಂಗ್ ಕೊಡ್ಬೇಡ.’ ಒಂಬತ್ತು ಪಾತ್ರೆಗಳು. ಒಂಬತ್ತು ಜನ ಹೆಂಗಸರು ಅವಳ ತೋಳುಗಳನ್ನು ನೋಡಿದರು. ಯಾರೂ ನಗಲಿಲ್ಲ, ಅದು ಇನ್ನೂ ಕೆಟ್ಟದ್ದಾಗಿತ್ತು. ಆ ಸಂಜೆ ಒಂದೇ ಪಟ್ಟಿಗೆ ಕೂತು ಪ್ರಬಂಧ ಬರೆದು ಮುಗಿಸಿದಳು. ಒಂದು ಬಿರುನುಡಿ ಹಾಕಲಿಲ್ಲ. ಕಾಲೇಜಿನಲ್ಲಿ ಕಲಿತ ಒಳ್ಳೊಳ್ಳೆಯ ಮಾತುಗಳನ್ನೆಲ್ಲ ತಂದು ಅಕ್ಕಯ್ಯಮ್ಮನ ಕೊರಳಿಗೆ ಒಂದರ ಮೇಲೊಂದು ಹಾರದಂತೆ ಹೇರಿದಳು, ಆ ಭಾರಕ್ಕೇ ಕೊರಳು ಬಾಗುವ ಹಾಗೆ. ದಿನಚರಿಯಲ್ಲಿ ಬರೆದದ್ದು ಒಂದೇ ಸಾಲು: ‘ಈಗ ಹಗುರಾಯಿತು.’ ಸಂಪಾದಕರ ಕಾರ್ಡೂ ಆ ಪುಟದಲ್ಲೇ ಇತ್ತು. ನಿಮ್ಮ ವ್ಯಂಗ್ಯ ಬಹಳ ನಯ, ಇಂಥವನ್ನು ಇನ್ನೂ ಕಳಿಸಿ. ಅದನ್ನು ಅವಳು ಎಷ್ಟು ಸಲ ಓದಿದ್ದಳೆಂದರೆ ಮೂಲೆ ಮೆತ್ತಗಾಗಿತ್ತು.

ಹಾಲು ಉಕ್ಕಿತು. ಬಟ್ಟೆಯಲ್ಲಿ ಒಲೆ ಒರೆಸಿದಳು. ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಓದಿ ನೋಡಿದಳು. ‘ಬೆಳಗಿನ ಐದೂವರೆ. ಸೂರ್ಯದೇವನಿಗೂ ಇನ್ನೂ ಧೈರ್ಯ ಬಂದಿರುವುದಿಲ್ಲ. ನಮ್ಮ ರಸ್ತೆಯ ಮಹಾತಾಯಿ ಆಗಲೇ ತಮ್ಮ ನಾಲ್ವರು ಕರಿಯ ಸಖಿಯರ ನಡುವೆ ಸಿಂಹಾಸನಾರೂಢರಾಗಿರುತ್ತಾರೆ.’ ಪ್ರೀತಿಯಿಂದ ಓದಬೇಕು ಎಂದುಕೊಂಡಳು. ದನಿಯನ್ನು ಮೆತ್ತಗೆ ಮಾಡಿದಳು; ಅದು ಇನ್ನೂ ಕುಟಿಲವಾಗಿ ಕೇಳಿಸಿತು. ಗಟ್ಟಿಯಾಗಿ ಓದಿದಳು, ನಾಟಕವಾಯಿತು. ಸಿಂಹಾಸನ ಎಂಬ ಮಾತಿನ ಹತ್ತಿರ ಬಂದಾಗಲೆಲ್ಲ, ಅವಳು ಬೇಡವೆಂದರೂ, ಎಡ ಹುಬ್ಬು ಕೂದಲೆಳೆಯಷ್ಟು ಮೇಲೇರುತ್ತಿತ್ತು. ಪೆನ್ಸಿಲು ತೆಗೆದುಕೊಂಡು ಮಾತುಗಳನ್ನು ಬದಲಿಸಿ ನೋಡಿದಳು. ಸಿಂಹಾಸನವನ್ನು ತೆಗೆದು ಮಣೆ ಹಾಕಿದಳು. ಸಖಿಯರನ್ನು ತೆಗೆದು ಎಮ್ಮೆ ಎಂದೇ ಬರೆದಳು. ಆಗ ಆ ವಾಕ್ಯದಲ್ಲಿ ಏನೂ ಉಳಿಯಲಿಲ್ಲ. ಒಬ್ಬ ಹೆಂಗಸು ಬೆಳಿಗ್ಗೆ ಎದ್ದು ಎಮ್ಮೆ ಕರೆಯುತ್ತಾಳೆ, ಅಷ್ಟೆ. ಅದನ್ನು ಬರೆಯುವುದಕ್ಕೆ ಅವಳಿಗೆ ಬೇರೆ ಕಾರಣವೇ ಇರಲಿಲ್ಲ.

ದಿನಚರಿಯನ್ನು ಹಿಂದಕ್ಕೆ ತಿರುವುತ್ತ ಹೋದಳು. ಎಲ್ಲಿಯಾದರೂ ಆಕೆಯ ಬಗ್ಗೆ ಒಂದು ಒಳ್ಳೆಯ ಸಾಲು ಬರೆದಿರಬಹುದು, ಅದನ್ನು ಸೇರಿಸಬಹುದು ಎಂಬ ಆಸೆ. ಎರಡು ವರ್ಷದ ಹಿಂದಿನ ಪುಟದಲ್ಲಿ ಸಿಕ್ಕಿತು. ಅಮ್ಮ ಹೋದ ದಿನ. ಆ ಪುಟದ ಅಕ್ಷರಗಳು ಅವಳವೇ ಅಲ್ಲವೆಂಬಂತೆ ದೊಡ್ಡದಾಗಿ, ಸಾಲು ಬಿಟ್ಟು ಕೆಳಗೆ ಜಾರಿದ್ದವು. ಮನೆಯಲ್ಲಿ ಒಲೆ ಹೊತ್ತಿಲ್ಲ. ಬಂದವರೆಲ್ಲ ಹೋದ ಮೇಲೆ ಗೇಟಿನ ಹೊರಗೆ ಅಕ್ಕಯ್ಯಮ್ಮ ನಿಂತಿದ್ದಳು, ಸೆರಗಿನಲ್ಲಿ ಕಾಯಿಸಿದ ಹಾಲಿನ ಪಾತ್ರೆ ಹಿಡಿದುಕೊಂಡು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಒಳಗಿದ್ದ ಸೋದರತ್ತೆಯ ಮುಖ ನೋಡಿದ್ದಳೇನೋ. ‘ಹಾಲಿಗ್ಯಾವ ಮಡಿ, ತಗೊಳವ್ವ’ ಎಂದಳು. ಆ ಹೊತ್ತು ಆಕೆಯ ದನಿ ಎಷ್ಟು ಸಣ್ಣದಾಗಿತ್ತೆಂದರೆ ಒಳಗಿದ್ದ ಯಾರಿಗೂ ಕೇಳಿಸಲಿಲ್ಲ. ಪಂಕಜಾ ಗೇಟಿನ ಹತ್ತಿರ ನಿಂತೇ ಕುಡಿದಳು. ಇದು ಪ್ರಬಂಧದಲ್ಲಿರಲಿಲ್ಲ. ನವೆಂಬರಿನ ಆ ಸಂಜೆ ಬರೆಯುವಾಗ ನೆನಪಾಗಿತ್ತೇ? ನೆನಪಾಗಿತ್ತು. ನೆನಪಾದದ್ದನ್ನು, ಬಾಗಿಲಲ್ಲಿ ನಿಂತವರನ್ನು ಆಮೇಲೆ ಬನ್ನಿ ಎಂದು ಕಳಿಸುವ ಹಾಗೆ ಕಳಿಸಿದ್ದಳು. ಅದು ಒಳಗೆ ಬಂದಿದ್ದರೆ ಉಳಿದ ಯಾವ ಮಾತೂ ನಿಲ್ಲುತ್ತಿರಲಿಲ್ಲ.

ಒಂದು ಚೀಟಿಯಲ್ಲಿ ಅದನ್ನೇ, ಒಂದೂ ವಿಶೇಷಣ ಹಾಕದೆ, ಐದು ವಾಕ್ಯ ಬರೆದು ಪತ್ರಿಕೆಯ ಇಪ್ಪತ್ತೇಳನೆಯ ಪುಟದಲ್ಲಿಟ್ಟಳು. ಮೊದಲನೆಯದನ್ನೆಲ್ಲ ಮುನಿರಾಜುವಿನ ಹಾಗೆ ಒಂದೇ ಸಮನೆ ಓದಿಬಿಡುವುದು, ಇಲ್ಲಿಗೆ ಬಂದಾಗ ಮಾತ್ರ ಜೀವ ಕೊಟ್ಟು ಓದುವುದು. ಕೊನೆಯಲ್ಲಿ ಕೇಳಿದ್ದೇ ಕಿವಿಯಲ್ಲಿ ಉಳಿಯುತ್ತದೆ. ಹಾಗೆಂದುಕೊಂಡ ಮೇಲೆ ಸ್ವಲ್ಪ ಉಸಿರಾಡುವಂತಾಯಿತು.

ಎರಡು ಗಂಟೆಗೆ ಅಪ್ಪ ಬಂದು ಎಲೆಯಡಿಕೆ ಹಾಕಿಕೊಂಡು ಕುರ್ಚಿಯಲ್ಲಿ ಒರಗಿದರು. ಅವಳು ವಿಷಯ ಹೇಳಿದಳು. ಕಣ್ಣು ಮುಚ್ಚಿಕೊಂಡೇ ಕೇಳಿದರು.

‘ಅಪ್ಪ, ಅವರಿಗೆ ಗೊತ್ತಾಗತ್ತಾ?’

‘ಗೊತ್ತಾಗ್ಲಿ ಅಂತ ಬರೆದ್ಯಾ, ಗೊತ್ತಾಗದೆ ಇರ್ಲಿ ಅಂತ ಬರೆದ್ಯಾ?’

ಎರಡೂ ಸುಳ್ಳಾಗಿರಲಿಲ್ಲ. ಎಲ್ಲೋ ದೂರದ ಊರುಗಳಲ್ಲಿ ಓದಿದವರು ನಗಬೇಕು, ಇಲ್ಲಿ ಆಕೆ ಎಂದಿನಂತೆ ಎಮ್ಮೆಯ ಕೆಳಗೆ ಕೂತಿರಬೇಕು, ಆ ನಗು ಆಕೆಯ ಬೆನ್ನ ಹಿಂದೆ ಇದೆಯೆಂಬುದು ತನಗೊಬ್ಬಳಿಗೇ ತಿಳಿದಿರಬೇಕು. ಇದನ್ನು ಅಪ್ಪನಿಗೆ ಹೇಳುವುದು ಹೇಗೆ? ಸ್ವಲ್ಪ ಹೊತ್ತಿಗೆ ಅವರ ಗೊರಕೆ ಶುರುವಾಯಿತು. ಅದು ನಿಜವಾದ ಗೊರಕೆಯೋ, ಅವಳನ್ನು ಒಂಟಿಯಾಗಿ ಬಿಡುವುದಕ್ಕೆಂದು ಹೊಡೆಯುತ್ತಿರುವ ಗೊರಕೆಯೋ ಎಂದು ಅವಳು ಅನುಮಾನಿಸಿದಳು. ಇತ್ತೀಚೆಗೆ ಯಾವ ದನಿಯನ್ನೂ ಅವಳು ಸುಮ್ಮನೆ ಕೇಳಲಾರಳು.

ನಾಲ್ಕೂವರೆಗೆ ಅಕ್ಕಯ್ಯಮ್ಮನ ನಡುಮನೆಯ ಕೆಂಪು ಗಾರೆಯ ನೆಲ ತೊಳೆದು ಒರೆಸಿ ಹೊಳೆಯುತ್ತಿತ್ತು. ಸಾಂಬ್ರಾಣಿ ಹಾಕಿದ್ದರು, ಅದರ ಕೆಳಗೆ ಕೊಟ್ಟಿಗೆಯ ವಾಸನೆ ಹಾಗೇ ಇತ್ತು. ಸೋಮಲಿಂಗಪ್ಪ ಮೇಷ್ಟ್ರು ಕಬ್ಬಿಣದ ಕುರ್ಚಿಯಲ್ಲಿ, ಮಡಿಸಿದ ಕೊಡೆಯನ್ನು ಮೊಣಕಾಲುಗಳ ನಡುವೆ ಹಿಡಿದು ಕೂತಿದ್ದರು. ದೊಡ್ಡಹನುಮಯ್ಯ ಚಾಪೆಯ ಮೇಲೆ, ಪೇಟ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು. ಮುನಿರಾಜು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅಕ್ಕಯ್ಯಮ್ಮ ತಲೆಗೆ ನೀರು ಹಾಕಿಕೊಂಡು, ಮದುವೆ ಮುಂಜಿಗೆ ಉಡುವ ಕಡುನೀಲಿ ಸೀರೆ ಉಟ್ಟು, ಕಂಬಕ್ಕೊರಗಿ ನೆಲದ ಮೇಲೆ ಕೂತಿದ್ದಳು. ಆಕೆ ಎಮ್ಮೆಯ ಪಕ್ಕದಲ್ಲಿಲ್ಲದೆ ಸುಮ್ಮನೆ ಕೂತದ್ದನ್ನು ಪಂಕಜಾ ಮೊದಲ ಸಲ ನೋಡಿದ್ದು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದಳು. ಪಕ್ಕದಲ್ಲಿ ಒಂದು ತಟ್ಟೆ: ಎಲೆ ಅಡಿಕೆ, ತೆಂಗಿನಕಾಯಿ, ಒಂದು ಮೊಳ ಕನಕಾಂಬರ, ಎಲೆಹಸಿರು ಬಣ್ಣದ ರವಿಕೆ ಕಣ. ಗೋಡೆಯ ಮೇಲೆ ದೇವರ ಪಟಗಳ ಕೊನೆಯಲ್ಲಿ ಇಪ್ಪತ್ತೇಳನೆಯ ಪುಟ. ಗಾಜಿನ ಮೇಲೆ ಕುಂಕುಮದ ಬೊಟ್ಟು ಇಟ್ಟಿದ್ದರು. ಅದು ‘ಬಿ.ಎ.’ ಮೇಲೆ ಸರಿಯಾಗಿ ಬಿದ್ದಿತ್ತು.

ಓದಲು ಶುರು ಮಾಡಿದಳು. ಅಂದುಕೊಂಡಂತೆಯೇ ಒಂದೇ ಸಮನೆ, ಏರಿಲ್ಲದೆ ಇಳಿವಿಲ್ಲದೆ, ಪಾಠ ಒಪ್ಪಿಸುವಂತೆ. ಸೂರ್ಯದೇವನೂ ಸಿಂಹಾಸನವೂ ಚಪ್ಪಟೆಯಾಗಿ ದಾಟಿಹೋದವು. ದೊಡ್ಡಹನುಮಯ್ಯ ಆಕಳಿಸಿದ. ಅಕ್ಕಯ್ಯಮ್ಮನ ಮುಖದಲ್ಲಿ ಸಣ್ಣ ನಿರಾಸೆ ಕಾಣಿಸಿತು.

‘ಹಂಗಲ್ಲ ಕಣವ್ವ. ಇದು ಮುನಿರಾಜು ಓದ್ದಂಗೇ ಆಯ್ತು. ನಾಚ್ಕೋಬೇಡ, ನಮ್ಮೋರೇ ಎಲ್ಲ.’

ಪಂಕಜಾ ಗಂಟಲು ಸರಿಮಾಡಿಕೊಂಡಳು. ಹಾಳೆಯ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ‘ನಮ್ಮ ನಮ್ಮ ಮನೆಯ ಸಮಾಚಾರ ನಮಗೆ ತಿಳಿಯುವ ಮೊದಲೇ ಅವರಿಗೆ ತಿಳಿದಿರುತ್ತದೆ’ ಎಂದು ಓದಿದಳು. ಉಸಿರಿಗೆಂದು ಒಂದು ಕ್ಷಣ ನಿಂತಳು. ಉಸಿರಿಗೆಂದೇ ನಿಂತದ್ದು, ಆದರೆ ನಿಲ್ಲಬೇಕಾದದ್ದೂ ಅಲ್ಲೇ ಆಗಿತ್ತು. ‘ಅದನ್ನು ತಮ್ಮಲ್ಲೇ ಇಟ್ಟುಕೊಳ್ಳುವಷ್ಟು ಸ್ವಾರ್ಥಿ ಅವರಲ್ಲ.’

ಮೇಷ್ಟ್ರು ‘ಹ್ಞೂಂ’ ಎಂದರು. ಮೂಗಿನಿಂದ ಹೊರಟ ಸಣ್ಣ ಮೆಚ್ಚುಗೆ. ಕೊಡೆಯ ಹಿಡಿಯ ಮೇಲೆ ಅವರ ಬೆರಳು ಒಮ್ಮೆ ತಾಳ ಹಾಕಿತು. ಪಂಕಜಾ ತಲೆಯೆತ್ತಿ ನೋಡಿದಳು. ಕನ್ನಡಕದ ಹಿಂದೆ ಆ ಕಣ್ಣುಗಳು ಅವಳಿಗಾಗಿಯೇ ಹೊಳೆಯುತ್ತಿದ್ದವು: ಗೊತ್ತಾಯಿತು ಮಗು, ಮುಂದೆ ಓದು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ನೋಡಿರಲಿಲ್ಲ. ನೋಡಲು ಬಂದವರು ಮೊಣಕೈ ನೋಡಿದ್ದರು. ಬೆನ್ನು ತಾನಾಗಿ ನೆಟ್ಟಗಾಯಿತು. ಮುಂದಿನ ವಾಕ್ಯ ಯಾವುದೆಂದು ಅವಳಿಗೆ ಗೊತ್ತಿತ್ತು, ಇಡೀ ಪ್ರಬಂಧದಲ್ಲಿ ಅವಳಿಗೆ ಅತಿ ಪ್ರಿಯವಾದದ್ದು, ಆ ಸಂಜೆ ಬರೆದಾಗ ಒಬ್ಬಳೇ ಜೋರಾಗಿ ನಕ್ಕಿದ್ದಳು. ಚಪ್ಪಟೆಯಾಗಿ ಓದು ಎಂದು ಒಳಗೆ ಯಾರೋ ಹೇಳಿದರು. ಆದರೆ ನಾಲಿಗೆಗೆ ಆಗಲೇ ರುಚಿ ಹತ್ತಿತ್ತು.

‘ಕರೆಯುವ ಮೊದಲು ಪಾತ್ರೆಯನ್ನು ಬೋರಲು ಮಾಡಿ ತೋರಿಸುತ್ತಾರೆ. ಅದರ ತಳದಲ್ಲಿ ಏನೂ ಇಲ್ಲವೆಂಬುದನ್ನು ಕಂಡು ನಾವು... ದಿನವೂ... ಧನ್ಯರಾಗುತ್ತೇವೆ. ಅಂಥ ಬರಿದಾದ ಪಾತ್ರೆಯಲ್ಲಿ ಅಷ್ಟೊಂದು ನೊರೆ ಹೇಗೆ ಹುಟ್ಟುತ್ತದೆಂಬುದು ಮಾತ್ರ ದೇವರಿಗೂ ಅವರಿಗೂ ನಡುವಿನ ಗುಟ್ಟು.’

ಎಲ್ಲಿ ತಡೆಯಬೇಕೋ ಅಲ್ಲಿ ತಡೆದು, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟಿದ್ದಳು. ಎಡ ಹುಬ್ಬು ಮೇಲೇರಿದ್ದು ಅವಳಿಗೇ ಗೊತ್ತಾಯಿತು. ಮೇಷ್ಟ್ರು ಗಟ್ಟಿಯಾಗಿ ನಕ್ಕರು. ಮೇಷ್ಟ್ರು ನಕ್ಕರೆಂದು ದೊಡ್ಡಹನುಮಯ್ಯನೂ ನಕ್ಕ, ನಕ್ಕ ಮೇಲೆ ಏನೆಂದು ತಿಳಿದು ಇನ್ನೂ ನಕ್ಕ. ‘ಏನವ್ವ, ನೊರೇನೇ ಅಳ್ದ್ ಕೊಡ್ತೀಯಂತೆ’ ಎಂದ. ಬಾಗಿಲಲ್ಲಿ ಮುನಿರಾಜು ಒರಗಿದ್ದವನು ನೆಟ್ಟಗಾದ. ಆ ವಾಕ್ಯವನ್ನು ಮೂರು ಸಲ ಓದಿದವನು ಅವನೇ.

ಪಂಕಜಾ ಅಕ್ಕಯ್ಯಮ್ಮನ ಕಡೆ ನೋಡಿದಳು. ಆಕೆ ಪಂಕಜಾಳನ್ನು ನೋಡುತ್ತಿರಲಿಲ್ಲ. ಮೇಷ್ಟ್ರ ಬಾಯನ್ನು ನೋಡಿದಳು, ಅಣ್ಣನ ಬಾಯನ್ನು ನೋಡಿದಳು, ಆಮೇಲೆ ಗೋಡೆಯ ಮೇಲಿನ ಗಾಜಿನ ಕಟ್ಟನ್ನು. ಮುಖದ ಮೇಲೆ ಬೆಳಗಿನಿಂದ ಇದ್ದ ನಗು ಇನ್ನೂ ಇತ್ತು, ಅದನ್ನು ಯಾವಾಗ ತೆಗೆಯಬೇಕೆಂದು ತಿಳಿಯದ ಹಾಗೆ.

ಚೀಟಿ. ಪಂಕಜಾ ಪತ್ರಿಕೆಯಿಂದ ಅದನ್ನು ಹೊರಗೆಳೆದಳು. ಇನ್ನೂ ಅರ್ಧ ಪುಟ ಇತ್ತು. ಅದನ್ನೆಲ್ಲ ಹಾರಿಸಿ ಚೀಟಿಗೆ ಬಂದಳು. ಈಗ ಸರಿಮಾಡಬಹುದು, ಈಗಲೂ ಹೊತ್ತು ಮೀರಿಲ್ಲ ಎಂದುಕೊಳ್ಳುತ್ತ ಓದಿದಳು. ‘ನನ್ನ ತಾಯಿ ತೀರಿಕೊಂಡ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಇವರು ಕಾಯಿಸಿದ ಹಾಲು ಹಿಡಿದು ಗೇಟಿನ ಹೊರಗೆ ನಿಂತಿದ್ದರು. ಒಳಗೆ ಬರಲಿಲ್ಲ. ಹಾಲಿಗೆ ಯಾವ ಮಡಿ ಎಂದರು. ನಾನು ಕುಡಿದೆ.’

‘ಭೇಷ್’ ಎಂದರು ಮೇಷ್ಟ್ರು, ಕೊಡೆಯಿಂದ ನೆಲ ಕುಟ್ಟಿ. ‘ಹಾಲಿಗೆ ಯಾವ ಮಡಿ. ಒಳ್ಳೆ ಪೆಟ್ಟು ಕೊಟ್ಟಿದೀಯಮ್ಮ.’ ದೊಡ್ಡಹನುಮಯ್ಯ ತೊಡೆ ತಟ್ಟಿಕೊಂಡು ನಕ್ಕ. ಅವರ ಕಿವಿಗಳು ಈಗ ಹದವಾಗಿದ್ದವು. ಏನು ಬಂದರೂ ನಗುವೇ. ಇಲ್ಲ, ಇದು ಹಾಗಲ್ಲ, ಇದು ನಿಜ ಎಂದು ಪಂಕಜಾ ಹೇಳಬೇಕೆಂದುಕೊಂಡಳು. ಬಾಯಿ ತೆರೆದಳು. ಹಾಗೆ ಹೇಳುವ ದನಿ ಯಾವುದೆಂದು ಗಂಟಲಲ್ಲಿ ಹುಡುಕಿದಳು, ಸಿಗಲಿಲ್ಲ.

ಅಕ್ಕಯ್ಯಮ್ಮ ಈಗ ಅವಳನ್ನೇ ನೋಡುತ್ತಿದ್ದಳು.

‘ಅದ್ನೂ ಬರ್ದ್ಯಾ’ ಎಂದಳು.

ಅದು ಪ್ರಶ್ನೆಯಲ್ಲ. ಗೇಟಿನ ಹತ್ತಿರ ನಿಂತಿದ್ದಾಗಿನ ಆ ಸಣ್ಣ ದನಿ; ನಗುತ್ತಿದ್ದವರಿಗೆ ಕೇಳಿಸಲಿಲ್ಲ. ಆಮೇಲೆ ನೆಲಕ್ಕೆ ಕೈಯೂರಿ ಎದ್ದಳು. ತಟ್ಟೆ ಎತ್ತಿಕೊಂಡಳು. ಕುಂಕುಮ ಇಟ್ಟಳು. ಹೂವನ್ನು ತಾನೇ ಮುಡಿಸಿದಳು, ಜಡೆಯನ್ನು ಹಿಡಿದು, ಎಳೆಯದಂತೆ. ರವಿಕೆ ಕಣವನ್ನು, ಎಲೆ ಅಡಿಕೆಯನ್ನು, ಕಾಯಿಯನ್ನು ಒಂದೊಂದಾಗಿ ಪಂಕಜಾಳ ಸೆರಗಿಗೆ ಹಾಕಿದಳು. ಒಂದೂ ಮರೆಯಲಿಲ್ಲ. ‘ಚೆನ್ನಾಗ್ ಓದ್ದೆ’ ಎಂದಳು. ‘ಮುನಿರಾಜು ಓದಿದ್ರೆ ಇಷ್ಟು ತಿಳೀತಿರ್ಲಿಲ್ಲ.’ ಪಂಕಜಾ ಹೊಸ್ತಿಲ ಹತ್ತಿರ ನಿಂತು ಅಕ್ಕಯ್ಯಮ್ಮಾ ಎಂದಳು. ಎಮ್ಮೆ ಕರೆಯೋ ಹೊತ್ತಾಯಿತು ಎಂದು ಆಕೆ ಕಡುನೀಲಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಬಾಗಿಲಿಗೆ ಹೊರಟುಹೋದಳು.

ಮನೆಯಲ್ಲಿ ಅಪ್ಪ ಅವಳ ಸೆರಗಿನಲ್ಲಿದ್ದುದನ್ನು ನೋಡಿದರು. ಪಂಕಜಾ ಒಳಗೆ ಹೋದಳು. ದಿನಚರಿ ತೆರೆದು ತಾರೀಖು ಬರೆದಳು. ಅದರ ಕೆಳಗೆ ಬರೆದ ಮೊದಲ ಮಾತು ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು, ಹೊಡೆದುಹಾಕಿದಳು. ಎರಡನೆಯದೂ ಚೆನ್ನಾಗಿತ್ತು. ಪುಸ್ತಕ ಮುಚ್ಚಿಟ್ಟಳು.

ಮಾರನೆಯ ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟಿ ಹಾಲಿನ ಪಾತ್ರೆಗೆ ಕೈ ಚಾಚಿದರು. ಪಂಕಜಾ ಕೊಡಲಿಲ್ಲ. ದಾರಿಯುದ್ದಕ್ಕೂ, ಬೈದರೆ ಸಾಕು, ಒಂಬತ್ತು ಜನರ ಮುಂದೆ ಆ ದೊಡ್ಡ ದನಿಯಲ್ಲಿ ಬೈದರೆ ಸಾಕು ಎಂದು ಬೇಡಿಕೊಳ್ಳುತ್ತ ನಡೆದಳು. ಅಕ್ಕಯ್ಯಮ್ಮನ ಮನೆಯ ತೆರೆದ ಬಾಗಿಲಿನಿಂದ ಮೊದಲು ನೋಡಿದ್ದು ಗೋಡೆಯನ್ನು. ಗಾಜಿನ ಕಟ್ಟು ಮೊಳೆಯಲ್ಲೇ ಇತ್ತು. ಸಾಲಿನಲ್ಲಿ ನಿಂತಳು. ಸತ್ಯವತಿಯ ಸರದಿ ಮುಗಿಯಿತು, ಇನ್ನಿಬ್ಬರದಾಯಿತು. ಅವರಿಗೆಲ್ಲ ಅಕ್ಕಯ್ಯಮ್ಮ ಎಂದಿನಂತೆಯೇ ಅವರ ಮನೆಯ ಮಾತು ಇವರಿಗೆ, ಇವರದು ಅವರಿಗೆ ಹೇಳುತ್ತ, ತಂಬಿಗೆಯನ್ನು ಒಮ್ಮೆ ಗಾಳಿಯಲ್ಲಿ ಬೋರಲು ಮಾಡಿ ಕರೆದು ಕೊಟ್ಟಳು. ಪಂಕಜಾಳ ಸರದಿ ಬಂತು. ಮಾತು ನಿಂತಿತು.

ಅಕ್ಕಯ್ಯಮ್ಮ ಎದ್ದು ಬಂದಳು. ತಂಬಿಗೆಯನ್ನು ಪಂಕಜಾಳ ಮುಖದ ಹತ್ತಿರ ಹಿಡಿದು ನಿಧಾನವಾಗಿ ಬೋರಲು ಮಾಡಿದಳು. ಒಳಗೆ ಕಾಣುವಂತೆ ಬೆಳಕಿನ ಕಡೆಗೆ ವಾಲಿಸಿದಳು. ಹಿತ್ತಾಳೆಯ ತಳದಲ್ಲಿ ಪಂಕಜಾಳ ಮುಖವೇ ಮಸುಕಾಗಿ, ಉದ್ದವಾಗಿ ಕಾಣುತ್ತಿತ್ತು. ಆಕೆ ತಂಬಿಗೆಯ ಬೆನ್ನಿಗೆ ಬೆರಳಿನಿಂದ ಎರಡು ಸಲ ಬಡಿದಳು. ಏನೂ ಬೀಳಲಿಲ್ಲ. ಆಮೇಲೆ ಹೋಗಿ ಕೂತು ಕರೆದಳು. ಅಳತೆಯ ಪಾವಿಗೆ ಸುರಿದಾಗ ನೊರೆ ಕಂಠ ದಾಟಿ ಮೇಲೆದ್ದಿತು. ಆಕೆ ಪಾವನ್ನು ಪಂಕಜಾಳ ಪಾತ್ರೆಗೆ ಬಗ್ಗಿಸಲಿಲ್ಲ. ಕಲ್ಲಿನ ಮೇಲಿಟ್ಟು, ಮೊಣಕಾಲುಗಳ ಮೇಲೆ ಕೈಯಿಟ್ಟುಕೊಂಡು ಕಾದಳು. ಹಿಂದೆ ನಿಂತವರು ಕಾದರು. ಯಾರೋ ಹೊತ್ತಾಯಿತು ಎಂದು ಗೊಣಗಿದರು, ಆಕೆಗೆ ಕೇಳಿಸಿದಂತೆ ಕಾಣಲಿಲ್ಲ. ಗುಳ್ಳೆಗಳು ಒಂದೊಂದಾಗಿ ಒಡೆದವು. ನೊರೆ ಇಳಿದು ಹಾಲು ಅರ್ಧ ಬೆರಳಿನಷ್ಟು ಕೆಳಗೆ ನಿಂತಿತು. ಅಷ್ಟಕ್ಕೆ ಮತ್ತೆ ಸುರಿದಳು. ಮತ್ತೆ ನೊರೆ ಎದ್ದಿತು. ಮತ್ತೆ ಕಾದಳು.

‘ನೋಡ್ಕೊಳ್ಳಿ’ ಎಂದಳು ಕೊನೆಗೆ. ಅವ್ವ ಎನ್ನಲಿಲ್ಲ.

ಪಾವಿನಿಂದ ಮೆಲ್ಲಗೆ ಬಗ್ಗಿಸಿದ ಹಾಲು ಪಂಕಜಾಳ ಪಾತ್ರೆಯಲ್ಲಿ ಒಂದಿಷ್ಟೂ ನೊರೆಯಿಲ್ಲದೆ ಕಂಠದವರೆಗೆ ತುಂಬಿತ್ತು. ಚೆಲ್ಲದೆ ಒಯ್ಯಬೇಕಾದರೆ ಅದನ್ನೇ ನೋಡುತ್ತ ಹೆಜ್ಜೆ ಇಡಬೇಕು, ದಾರಿಯಲ್ಲಿ ಯಾರ ಕಡೆಗೂ ತಲೆಯೆತ್ತಿ ನೋಡುವಂತಿಲ್ಲ. ಹಾಗೆಯೇ ನಡೆದಳು. ಬೆನ್ನ ಹಿಂದೆ ತಂಬಿಗೆ ಮತ್ತೆ ಗಾಳಿಯಲ್ಲಿ ಬೋರಲಾಗುವ ಸದ್ದು, ಅಕ್ಕಯ್ಯಮ್ಮ ಮುಂದಿನವರನ್ನು ಗಟ್ಟಿ ದನಿಯಲ್ಲಿ ಏನೋ ಕೇಳುವ ಸದ್ದು. ರಸ್ತೆಯ ನಡುವೆ ಒಂದೆಡೆ ಕಾಲು ಎಡವಿತು. ಒಂದು ಹನಿ ಹೊರಗೆ ಬಿದ್ದಿತು.